ಅಮೆರಿಕದ ಚುನಾವಣೆ, ಪಕ್ಷಗಳ ಕಾದಾಟ ಮತ್ತು ಫಲಿತಾಂಶದ ಮಾನ್ಯತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಸೋತ ಪಕ್ಷ ಫಲಿತಾಂಶವನ್ನು ಒಪ್ಪುತ್ತದೆಯೇ ಎಂಬುದೇ ಈಗ ಚುನಾವಣೆಯಷ್ಟು ದೊಡ್ಡ ಸುದ್ದಿಯಾಗಿದೆ. ಈ ಉತ್ತರಗಳನ್ನು ಓದುವಾಗ ಒಂದು ವ್ಯತ್ಯಾಸವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ನಿಯಮವೇ ಅನ್ಯಾಯದ್ದು ಎನ್ನುವ ತಕರಾರು ಬೇರೆ, ಮತಗಳನ್ನೇ ಸುಳ್ಳಾಗಿ ಎಣಿಸಿದ್ದಾರೆ ಎನ್ನುವ ಆರೋಪ ಬೇರೆ. ಇವೆರಡನ್ನೂ ಒಂದೇ ಎಂಬಂತೆ ಮಾತನಾಡಿದ್ದರಿಂದಲೇ ಅಲ್ಲಿನ ಚರ್ಚೆ ಅರ್ಧಕ್ಕರ್ಧ ಕೆಟ್ಟಿದೆ ಎಂಬುದು ಈ ಲೇಖಕರ ಅಭಿಪ್ರಾಯ. ಮುಂದೆ ಬರುವ ‘ಕಾಂಗ್ರೆಸ್’ ಅಮೆರಿಕದ ಸಂಸತ್ತು, ನಮ್ಮ ಪಕ್ಷವಲ್ಲ. ಪ್ರತಿನಿಧಿ ಸಭೆ ಮತ್ತು ಸೆನೆಟ್ ಅದರ ಎರಡು ಸದನಗಳು.

ಅಮೆರಿಕದಲ್ಲಿ ಚುನಾವಣೆ ನಡೆಸುವವರು ಯಾರು? ನಮ್ಮಲ್ಲಿರುವಂಥ ಚುನಾವಣಾ ಆಯೋಗ ಅಲ್ಲಿಲ್ಲವೆ?

ಇಲ್ಲ. ಭಾರತದಲ್ಲಿ ಸಂವಿಧಾನದ 324ನೇ ವಿಧಿಯ ಬಲದಿಂದ ಒಂದೇ ಆಯೋಗವು ಲೋಕಸಭೆ, ವಿಧಾನಸಭೆಗಳ ಚುನಾವಣೆಯನ್ನು ಮತದಾರರ ಪಟ್ಟಿಯಿಂದ ಫಲಿತಾಂಶದವರೆಗೆ ನೋಡಿಕೊಳ್ಳುತ್ತದೆ. ಅಮೆರಿಕದಲ್ಲಿ ಚುನಾವಣೆ ರಾಜ್ಯಗಳ ಕೆಲಸ, ರಾಜ್ಯಗಳು ಅದನ್ನು ಕೌಂಟಿಗಳಿಗೂ (ನಮ್ಮ ಜಿಲ್ಲೆಗಳಂಥವು) ಪಟ್ಟಣಗಳಿಗೂ ವಹಿಸಿಬಿಟ್ಟಿವೆ. ಹೀಗೆ ಸುಮಾರು 10,000 ಸ್ಥಳೀಯ ಆಡಳಿತಗಳು, ಆಯಾ ರಾಜ್ಯದ ಕಾನೂನಿಗೆ ಅನುಗುಣವಾಗಿ, ಬೇರೆ ಬೇರೆ ಯಂತ್ರಗಳನ್ನೂ ಬೇರೆ ಬೇರೆ ಗಡುವುಗಳನ್ನೂ ಬಳಸಿ ಒಂದೇ ದೇಶದ ಒಂದೇ ಚುನಾವಣೆಯನ್ನು ನಡೆಸುತ್ತವೆ. ಫೆಡರಲ್ ಚುನಾವಣಾ ಆಯೋಗವೆಂಬ ಸಂಸ್ಥೆಯೇನೋ ಇದೆ. ಆದರೆ ಅದು ನೋಡುವುದು ಪ್ರಚಾರದ ಹಣದ ಲೆಕ್ಕವನ್ನು ಮಾತ್ರ.

ಹೊರಗಿನವರಿಗೆ ಇದಕ್ಕಿಂತ ವಿಚಿತ್ರವಾಗಿ ಕಾಣುವ ಸಂಗತಿ ಇನ್ನೊಂದಿದೆ. ಬಹುತೇಕ ರಾಜ್ಯಗಳಲ್ಲಿ ಚುನಾವಣೆಯ ಮುಖ್ಯಾಧಿಕಾರಿ ‘ಸೆಕ್ರೆಟರಿ ಆಫ್ ಸ್ಟೇಟ್’ ಎಂಬ ಹುದ್ದೆಯವರು, ಮತ್ತು ಅವರಲ್ಲಿ ಹೆಚ್ಚಿನವರು ಪಕ್ಷದ ಟಿಕೆಟ್ ಮೇಲೆ ಗೆದ್ದು ಬಂದವರು. 2018ರಲ್ಲಿ ಜಾರ್ಜಿಯಾದ ಈ ಹುದ್ದೆಯಲ್ಲಿದ್ದ ಬ್ರಯಾನ್ ಕೆಂಪ್ ಅದೇ ರಾಜ್ಯದ ಗವರ್ನರ್ ಸ್ಥಾನಕ್ಕೆ ಅಭ್ಯರ್ಥಿಯೂ ಆಗಿದ್ದರು, ಅಂದರೆ ತಾವು ಸ್ಪರ್ಧಿಸಿದ ಚುನಾವಣೆಯ ಉಸ್ತುವಾರಿಯೂ ಅವರದೇ ಇಲಾಖೆಯದಾಗಿತ್ತು. ಎದುರಾಳಿ ಸ್ಟೇಸಿ ಅಬ್ರಾಮ್ಸ್ ಸುಮಾರು 55,000 ಮತಗಳಿಂದ ಸೋತಾಗ, ಕಾನೂನಿನ ಪ್ರಕಾರ ಕೆಂಪ್ ಗೆದ್ದಿದ್ದಾರೆಂದು ಹೇಳಿದರೇ ಹೊರತು ರೂಢಿಯಂತೆ ಸೋಲೊಪ್ಪುವ ಮಾತನ್ನು ಆಡಲಿಲ್ಲ.

ಈ ಚದುರಿದ ವ್ಯವಸ್ಥೆಗೆ ಒಂದು ಗುಣವೂ ಇದೆ. ಸಾವಿರಾರು ಕಡೆ, ಎರಡೂ ಪಕ್ಷಗಳ ಪ್ರತಿನಿಧಿಗಳ ಕಣ್ಣೆದುರು, ಬಹುಪಾಲು ಕಾಗದದ ಮತಪತ್ರಗಳ ಆಧಾರದಲ್ಲಿ ನಡೆಯುವ ಎಣಿಕೆಯನ್ನು ಒಂದೇ ಕೈ ತಿರುಚುವುದು ಅತ್ಯಂತ ಕಷ್ಟ. ಆದರೆ ಆ ಸಾವಿರಾರು ಕಡೆಗಳಲ್ಲಿ ಎಲ್ಲೋ ಒಂದು ಕಡೆ ಆಗುವ ಸಣ್ಣ ಎಡವಟ್ಟು ಇಡೀ ಚುನಾವಣೆಯ ಮೇಲೆ ಸಂಶಯ ಹುಟ್ಟಿಸಲು ಸಾಕಾಗುತ್ತದೆ.

ಕಡಿಮೆ ಮತ ಪಡೆದವರು ಅಧ್ಯಕ್ಷರಾಗುವುದು ಹೇಗೆ? ಅಂಥ ಗೆಲುವು ನ್ಯಾಯಸಮ್ಮತವೆ?

ಅಧ್ಯಕ್ಷರನ್ನು ಆರಿಸುವುದು 538 ಎಲೆಕ್ಟೋರಲ್ ಮತಗಳು, ಅಂದರೆ ರಾಜ್ಯಗಳಿಗೆ ಹಂಚಿಕೆಯಾಗಿ, ಅಲ್ಲಿನ ‘ಎಲೆಕ್ಟರ್’ ಎಂಬ ಪ್ರತಿನಿಧಿಗಳು ಹಾಕುವ ಮತಗಳು. ಗೆಲ್ಲಲು 270 ಬೇಕು. 48 ರಾಜ್ಯಗಳಲ್ಲಿ ಒಂದೇ ಮತದಿಂದ ಮುಂದಿದ್ದರೂ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತಗಳೂ ಅವರಿಗೇ ಸಲ್ಲುತ್ತವೆ, ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಇದಕ್ಕೆ ಹೊರತು. ಈ ವ್ಯವಸ್ಥೆಯಲ್ಲಿ 1824, 1876, 1888, 2000 ಮತ್ತು 2016ರಲ್ಲಿ ದೇಶದಾದ್ಯಂತ ಹೆಚ್ಚು ಜನಮತ ಪಡೆದವರು ಸೋತರು. 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು 28 ಲಕ್ಷ ಮತಗಳಿಂದ ಮುಂದಿದ್ದೂ ಡೊನಾಲ್ಡ್ ಟ್ರಂಪ್ ಎದುರು ಸೋತರು. ಆರು ಲಕ್ಷದಷ್ಟೂ ಜನಸಂಖ್ಯೆಯಿಲ್ಲದ ವಯೋಮಿಂಗ್‌ಗೆ 3 ಎಲೆಕ್ಟೋರಲ್ ಮತಗಳಿದ್ದರೆ, ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೆ ಇರುವುದು 54.

ಅಂಥ ಗೆಲುವು ಕಾನೂನುಬದ್ಧವೇ ಹೌದು. ಆಟಕ್ಕೆ ಇಳಿಯುವ ಮುನ್ನ ಎರಡೂ ಕಡೆಯವರಿಗೆ ನಿಯಮ ಗೊತ್ತಿತ್ತು. ಆದರೆ ನಿಯಮ ಪಾಲನೆಯಾಯಿತು ಎನ್ನುವುದರಿಂದ ನಿಯಮ ನ್ಯಾಯವಾಯಿತು ಎಂದಾಗುವುದಿಲ್ಲ. ಅದನ್ನು ಬದಲಿಸಿ ಎಂದು ಕೇಳುವುದು ಪ್ರಜಾಸತ್ತೆಯೊಳಗಿನ ಸಹಜ ರಾಜಕೀಯ. ಅದೇ ನೆಪದಲ್ಲಿ ಗೆದ್ದವರನ್ನು ಅಧ್ಯಕ್ಷರೇ ಅಲ್ಲ ಎಂದು ಹೇಳುವುದು, 2016ರ ನಂತರ ಡೆಮಾಕ್ರಟಿಕ್ ಪಕ್ಷದ ಹಲವರು ಮಾಡಿದಂತೆ, ಬೇರೆಯದೇ ಮಾತು.

ಫಲಿತಾಂಶದ ಬಗ್ಗೆ ಜಗಳ ಇತ್ತೀಚಿನದೆ?

ಖಂಡಿತ ಅಲ್ಲ. 1800ರ ಚುನಾವಣೆಯಲ್ಲಿ ಒಂದೇ ಪಕ್ಷದ ಥಾಮಸ್ ಜೆಫರ್‌ಸನ್ ಮತ್ತು ಏರನ್ ಬರ್ ತಲಾ 73 ಎಲೆಕ್ಟೋರಲ್ ಮತ ಪಡೆದು ಸಮಬಲವಾದರು. ಪ್ರತಿನಿಧಿ ಸಭೆ 36ನೇ ಸುತ್ತಿನ ಮತದಾನದಲ್ಲಿ, 1801ರ ಫೆಬ್ರವರಿ 17ರಂದು, ಜೆಫರ್‌ಸನ್ ಅವರನ್ನು ಆರಿಸಿತು. ಸೋತ ಜಾನ್ ಆಡಮ್ಸ್ ಉತ್ತರಾಧಿಕಾರಿಯ ಪ್ರಮಾಣವಚನಕ್ಕೂ ನಿಲ್ಲದೆ ಬೆಳಗಿನ ಜಾವವೇ ರಾಜಧಾನಿ ಬಿಟ್ಟರು. ಆದರೆ ಅಧಿಕಾರ ಬಿಟ್ಟುಕೊಟ್ಟು ಹೋದರು ಎನ್ನುವುದು ಮುಖ್ಯ. 1860ರಲ್ಲಿ ಹಾಗಾಗಲಿಲ್ಲ. ಅಬ್ರಹಾಂ ಲಿಂಕನ್ ಗೆದ್ದರೆಂಬ ಕಾರಣಕ್ಕೆ ದಕ್ಷಿಣದ ಗುಲಾಮಗಿರಿಯ ರಾಜ್ಯಗಳು ಒಕ್ಕೂಟದಿಂದಲೇ ಹೊರನಡೆದವು. ಸೋಲನ್ನು ಒಪ್ಪದೆ ಹೋದದ್ದಕ್ಕೆ ಆ ದೇಶ ತೆತ್ತ ಅತಿ ದೊಡ್ಡ ಬೆಲೆ ಅಂತರ್ಯುದ್ಧ.

ಇವತ್ತಿನ ಜಗಳವನ್ನು ಅರ್ಥ ಮಾಡಿಕೊಳ್ಳಲು 1876ರಷ್ಟು ನೆರವಾಗುವ ಚುನಾವಣೆ ಮತ್ತೊಂದಿಲ್ಲ. ಡೆಮಾಕ್ರಟ್ ಸ್ಯಾಮ್ಯುಯೆಲ್ ಟಿಲ್ಡನ್ ಬಳಿ 184 ಎಲೆಕ್ಟೋರಲ್ ಮತಗಳಿದ್ದವು, ಗೆಲ್ಲಲು ಇನ್ನೊಂದೇ ಸಾಕಿತ್ತು. ರಿಪಬ್ಲಿಕನ್ ರುದರ್‌ಫರ್ಡ್ ಹೇಯ್ಸ್ ಬಳಿ 165. ಫ್ಲಾರಿಡಾ, ಲೂಸಿಯಾನಾ, ಸೌತ್ ಕ್ಯಾರೊಲೈನಾಗಳ ಎಲ್ಲವೂ ಆರೆಗಾನ್‌ನ ಒಂದೂ ಸೇರಿ 20 ಮತಗಳು ವಿವಾದಕ್ಕೆ ಬಿದ್ದು, ಆ ದಕ್ಷಿಣದ ರಾಜ್ಯಗಳಿಂದ ಎರಡೆರಡು ಫಲಿತಾಂಶಪತ್ರಗಳು ವಾಷಿಂಗ್ಟನ್ ತಲುಪಿದವು. ಕಾಂಗ್ರೆಸ್ 15 ಜನರ ಆಯೋಗವೊಂದನ್ನು ನೇಮಿಸಿತು: ಪ್ರತಿ ಸದನದಿಂದ 5, ಸುಪ್ರೀಂ ಕೋರ್ಟ್‌ನಿಂದ 5. ಯಾವ ಪಕ್ಷಕ್ಕೂ ಸೇರದವರೆಂದು ಎಲ್ಲರೂ ನಂಬಿದ್ದ ನ್ಯಾಯಮೂರ್ತಿ ಡೇವಿಡ್ ಡೇವಿಸ್ ಅದೇ ಸಮಯಕ್ಕೆ ಸೆನೆಟ್‌ಗೆ ಆಯ್ಕೆಯಾಗಿ ಹಿಂದೆ ಸರಿದರು, ಅವರ ಜಾಗಕ್ಕೆ ಬಂದವರು ರಿಪಬ್ಲಿಕನ್ ಒಲವಿನ ಜೋಸೆಫ್ ಬ್ರ್ಯಾಡ್ಲಿ. ವಿವಾದದ ಪ್ರತಿ ರಾಜ್ಯದಲ್ಲೂ ಆಯೋಗ 8–7ರಂತೆ ಪಕ್ಷದ ಗೆರೆಯ ಮೇಲೆಯೇ ಒಡೆಯಿತು, ಹೇಯ್ಸ್ 185–184ರಿಂದ ಗೆದ್ದರು. ತೆರೆಮರೆಯ ಒಪ್ಪಂದದ ಭಾಗವಾಗಿ ದಕ್ಷಿಣದ ರಾಜ್ಯ ಸರ್ಕಾರಗಳಿಗೆ ಕಾವಲಾಗಿದ್ದ ಫೆಡರಲ್ ಸೈನಿಕರು ಹಿಂದೆ ಸರಿದರು.

ಈ ಕಥೆಯನ್ನು ‘ಗೆಲುವು ಕದ್ದ ಕಥೆ’ ಎಂದಷ್ಟೇ ಹೇಳುವವರು ಅದರ ಅರ್ಧವನ್ನು ಬಿಡುತ್ತಾರೆ. ಎಣಿಕೆಯಲ್ಲಿ ಎರಡೂ ಪಕ್ಷಗಳು ಕೈಚಳಕ ತೋರಿದ್ದವು, ನಿಜ. ಆದರೆ ಅದಕ್ಕೂ ಮೊದಲೇ ದಕ್ಷಿಣದಲ್ಲಿ ಕಪ್ಪು ಮತದಾರರನ್ನು ಬಂದೂಕು ತೋರಿಸಿ ಮತಗಟ್ಟೆಯಿಂದ ದೂರ ಇಡಲಾಗಿತ್ತು. ಮುಂದಿನ ದಶಕಗಳಲ್ಲಿ ಸಾಕ್ಷರತೆಯ ಪರೀಕ್ಷೆ, ಮತ ತೆರಿಗೆಗಳ ಹೆಸರಿನಲ್ಲಿ ಅವರ ಹಕ್ಕನ್ನೇ ಕಿತ್ತುಕೊಳ್ಳಲಾಯಿತು. 1898ರಲ್ಲಿ ನಾರ್ತ್ ಕ್ಯಾರೊಲೈನಾದ ವಿಲ್ಮಿಂಗ್ಟನ್ ನಗರದಲ್ಲಿ ಕಪ್ಪು ಸದಸ್ಯರೂ ಇದ್ದ ಚುನಾಯಿತ ಆಡಳಿತವನ್ನು ಬಿಳಿಯರ ಸಶಸ್ತ್ರ ಗುಂಪು ಉರುಳಿಸಿತು, ಹಲವರು ಕೊಲೆಯಾದರು. 1965ರ ಮತದಾನ ಹಕ್ಕು ಕಾಯಿದೆ ಬರುವವರೆಗೆ ದಕ್ಷಿಣದ ಬಹುಭಾಗದಲ್ಲಿ ಚುನಾವಣೆಗಳು ಕ್ರಮಬದ್ಧವಾಗಿಯೇ ನಡೆಯುತ್ತಿದ್ದವು, ಎಣಿಕೆಯೂ ಆಗುತ್ತಿತ್ತು. ಅವನ್ನು ಮಾತ್ರ ನ್ಯಾಯಸಮ್ಮತ ಎನ್ನಲಾಗದು.

2000ರಲ್ಲಿ ಸುಪ್ರೀಂ ಕೋರ್ಟ್ ಅಧ್ಯಕ್ಷರನ್ನು ಆರಿಸಿತು ಎನ್ನುವುದು ಸರಿಯೆ?

ಮಾತು ಖಾರವಾದದ್ದು, ಆದರೆ ಪೂರ್ತಿ ಸುಳ್ಳಲ್ಲ. ಫ್ಲಾರಿಡಾದಲ್ಲಿ ಸುಮಾರು 60 ಲಕ್ಷ ಮತಗಳಲ್ಲಿ, ಡೆಮಾಕ್ರಟ್ ಅಲ್ ಗೋರ್ ಎದುರು ರಿಪಬ್ಲಿಕನ್ ಜಾರ್ಜ್ ಬುಷ್ ಮುನ್ನಡೆ ಕೊನೆಗೆ ಉಳಿದದ್ದು 537. ಪಾಮ್ ಬೀಚ್ ಕೌಂಟಿಯ ಗೊಂದಲದ ಮತಪತ್ರ, ಪೂರ್ತಿ ತೂತಾಗದ ಪಂಚ್ ಕಾರ್ಡ್‌ಗಳು ವಾರಗಟ್ಟಲೆ ಸುದ್ದಿಯಾದವು. ಫಲಿತಾಂಶ ಪ್ರಮಾಣೀಕರಿಸಬೇಕಿದ್ದ ಕ್ಯಾಥರೀನ್ ಹ್ಯಾರಿಸ್ ಆ ರಾಜ್ಯದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷೆ, ಗವರ್ನರ್ ಜೆಬ್ ಬುಷ್ ಅಭ್ಯರ್ಥಿಯ ತಮ್ಮ, ರಾಜ್ಯದ ಅಟಾರ್ನಿ ಜನರಲ್ ಅಲ್ಲಿನ ಗೋರ್ ಪ್ರಚಾರದ ಮುಖ್ಯಸ್ಥ. ಅಂಪೈರುಗಳೆಲ್ಲ ಒಂದಲ್ಲ ಒಂದು ತಂಡದ ಅಂಗಿ ತೊಟ್ಟಿದ್ದರು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಮರುಎಣಿಕೆಗೆ ತೆರೆ ಎಳೆಯಿತು. ಮರುದಿನ ಗೋರ್, ತೀರ್ಪನ್ನು ತಾವು ಬಲವಾಗಿ ಒಪ್ಪುವುದಿಲ್ಲವೆಂದೂ ಆದರೆ ಸ್ವೀಕರಿಸುತ್ತೇನೆಂದೂ ಹೇಳಿ ಸೋಲೊಪ್ಪಿಕೊಂಡರು. ಜನವರಿ 6ರಂದು ಉಪಾಧ್ಯಕ್ಷರಾಗಿ ಅವರೇ ಪೀಠದಲ್ಲಿ ಕುಳಿತು ತಮ್ಮ ಸೋಲಿನ ಎಣಿಕೆಯನ್ನು ನಡೆಸಿಕೊಟ್ಟರು.

2020ರ ಆರೋಪಗಳಲ್ಲಿ ಹುರುಳಿತ್ತೆ?

ಅಕ್ರಮ ಎಸಗಿ ತಮ್ಮ ಗೆಲುವನ್ನು ಕದಿಯಲಾಗಿದೆ ಎಂದು ಸೋತ ಟ್ರಂಪ್ ಆರೋಪಿಸಿದ್ದರು. ಫಲಿತಾಂಶವನ್ನು ಬದಲಿಸುವಂಥ ಹುರುಳು ಎಲ್ಲೂ ಸಿಗಲಿಲ್ಲ. ಇದು ಒಂದು ಪಕ್ಷದ ಅಭಿಪ್ರಾಯವಲ್ಲ, ಪರಿಶೀಲನೆಗೆ ಒಳಗಾದ ಸಂಗತಿ. ಜೋ ಬೈಡನ್ 306–232ರಿಂದ, ಸುಮಾರು 70 ಲಕ್ಷ ಜನಮತಗಳ ಅಂತರದಿಂದ ಗೆದ್ದಿದ್ದರು. ಆದರೂ ಚುನಾವಣೆ ನಿಂತದ್ದು ಕೆಲವು ರಾಜ್ಯಗಳ ಸಣ್ಣ ಅಂತರದ ಮೇಲೆ: ಅರಿಜೋನಾದಲ್ಲಿ 10,457, ಜಾರ್ಜಿಯಾದಲ್ಲಿ 11,779. ಟ್ರಂಪ್ ಮತ್ತು ಅವರ ಬೆಂಬಲಿಗರು ಹೂಡಿದ 60ಕ್ಕೂ ಹೆಚ್ಚು ಮೊಕದ್ದಮೆಗಳು, ಫಲಿತಾಂಶಕ್ಕೆ ಸಂಬಂಧವಿಲ್ಲದ ಒಂದು ಸಣ್ಣ ವಿಷಯ ಬಿಟ್ಟರೆ, ಬಿದ್ದುಹೋದವು. ಅವನ್ನು ತಳ್ಳಿಹಾಕಿದವರಲ್ಲಿ ಟ್ರಂಪ್ ಅವರೇ ನೇಮಿಸಿದ್ದ ನ್ಯಾಯಾಧೀಶರೂ ಇದ್ದರು. ಟಿವಿಯ ಮುಂದೆ ಅಕ್ರಮ ಎಂದು ಗುಡುಗುತ್ತಿದ್ದ ವಕೀಲರು ನ್ಯಾಯಾಲಯದೊಳಗೆ, ಸುಳ್ಳು ಹೇಳಿದರೆ ಸನ್ನದು ಹೋಗುವ ಜಾಗದಲ್ಲಿ, ತಾವು ಅಕ್ರಮದ ಆರೋಪ ಮಾಡುತ್ತಿಲ್ಲವೆಂದು ಒಪ್ಪಿಕೊಂಡ ಪ್ರಸಂಗಗಳು ದಾಖಲೆಯಲ್ಲಿವೆ.

ಜಾರ್ಜಿಯಾ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಿಂದ ಮತ್ತೆ ಎಣಿಸಿತು, ಗೆದ್ದವರು ಬದಲಾಗಲಿಲ್ಲ. ವಿಸ್ಕಾನ್ಸಿನ್‌ನ ಎರಡು ಕೌಂಟಿಗಳಲ್ಲಿ ಟ್ರಂಪ್ ಪ್ರಚಾರ ಸಮಿತಿ 30 ಲಕ್ಷ ಡಾಲರ್ ಕಟ್ಟಿ ಮರುಎಣಿಕೆ ಮಾಡಿಸಿದಾಗ ಬೈಡನ್ ಅಂತರ 87 ಮತಗಳಷ್ಟು ಹೆಚ್ಚಾಯಿತು. ಅರಿಜೋನಾದ ರಾಜ್ಯ ಸೆನೆಟ್‌ನ ರಿಪಬ್ಲಿಕನ್ನರು ಸೈಬರ್ ನಿಂಜಾಸ್ ಎಂಬ ಕಂಪನಿಯಿಂದ ತಿಂಗಳುಗಟ್ಟಲೆ ನಡೆಸಿದ ಪರಿಶೀಲನೆಯೂ ಬೈಡನ್‌ಗೆ 99 ಮತ ಹೆಚ್ಚು, ಟ್ರಂಪ್‌ಗೆ 261 ಮತ ಕಡಿಮೆ ಎಂದೇ ಲೆಕ್ಕ ಕೊಟ್ಟಿತು. ತನ್ನ ಯಂತ್ರಗಳು ಮತಗಳನ್ನು ತಿರುಚಿದವೆಂಬ ಸುಳ್ಳನ್ನು ಪ್ರಸಾರ ಮಾಡಿದ್ದಕ್ಕೆ ಮತಯಂತ್ರದ ಕಂಪನಿ ಡೊಮಿನಿಯನ್ ಹೂಡಿದ ಮಾನನಷ್ಟ ಮೊಕದ್ದಮೆಯನ್ನು ಇತ್ಯರ್ಥಪಡಿಸಲು ಫಾಕ್ಸ್ ನ್ಯೂಸ್ 2023ರ ಏಪ್ರಿಲ್‌ನಲ್ಲಿ 78.75 ಕೋಟಿ ಡಾಲರ್ ಕೊಡಲು ಒಪ್ಪಿತು.

ರಾತ್ರಿ ಟ್ರಂಪ್ ಮುಂದಿದ್ದರು, ಬೆಳಗಾಗುವಷ್ಟರಲ್ಲಿ ಹಿಂದೆ ಬಿದ್ದರು. ಅದು ಹೇಗೆ?

ಎಣಿಕೆಯ ಸರದಿಯಿಂದ. ಕೋವಿಡ್ ಕಾರಣಕ್ಕೆ ಆ ವರ್ಷ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮತದಾರರು ಅಂಚೆಯ ಮೂಲಕ ಮತ ಹಾಕಿದರು. ಅಂಚೆ ಮತವನ್ನು ನಂಬಬೇಡಿ ಎಂದು ಟ್ರಂಪ್ ತಿಂಗಳುಗಳಿಂದ ಹೇಳಿದ್ದರಿಂದ ಹಾಗೆ ಮತ ಹಾಕಿದವರಲ್ಲಿ ಡೆಮಾಕ್ರಟರೇ ಹೆಚ್ಚಿದ್ದರು. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್ ರಾಜ್ಯಗಳ ಕಾನೂನು ಮತದಾನದ ದಿನದವರೆಗೆ ಆ ಲಕೋಟೆಗಳನ್ನು ಬಿಚ್ಚಲು ಬಿಡಲಿಲ್ಲ. ಮತಗಟ್ಟೆಯ ಮತಗಳು ಮೊದಲು, ಲಕೋಟೆಯವು ಆಮೇಲೆ ಎಣಿಕೆಯಾದವು. ಲಕೋಟೆಗಳನ್ನು ಮುಂಚೆಯೇ ಸಿದ್ಧಪಡಿಸಲು ಅವಕಾಶವಿದ್ದ ಫ್ಲಾರಿಡಾದಲ್ಲಿ ಅದೇ ರಾತ್ರಿ ಫಲಿತಾಂಶ ಬಂತು, ಯಾರೂ ತಕರಾರು ಎತ್ತಲಿಲ್ಲ.

ಜನವರಿ 6ರಂದು ನಡೆದದ್ದೇನು?

ಪ್ರತಿ ಅಧ್ಯಕ್ಷೀಯ ಚುನಾವಣೆಯ ನಂತರದ ಜನವರಿ 6ರಂದು ಕಾಂಗ್ರೆಸ್ ಜಂಟಿ ಅಧಿವೇಶನದಲ್ಲಿ ರಾಜ್ಯಗಳು ಕಳಿಸಿದ ಎಲೆಕ್ಟೋರಲ್ ಮತಗಳನ್ನು ಎಣಿಸುವುದು ವಾಡಿಕೆ. 2021ರಲ್ಲಿ ಆ ದಿನಕ್ಕೆ ಮುನ್ನ ಏಳು ರಾಜ್ಯಗಳಲ್ಲಿ ಟ್ರಂಪ್ ಪರ ನಕಲಿ ಎಲೆಕ್ಟರ್‌ಗಳು ಪ್ರಮಾಣಪತ್ರಗಳಿಗೆ ಸಹಿ ಹಾಕಿದ್ದರು, ಮತ್ತು ಉಪಾಧ್ಯಕ್ಷ ಮೈಕ್ ಪೆನ್ಸ್ ಅಸಲಿ ಮತಗಳನ್ನು ಬದಿಗಿಡಬೇಕೆಂದು ಟ್ರಂಪ್ ಒತ್ತಡ ಹೇರಿದ್ದರು. ತಮಗೆ ಅಂಥ ಅಧಿಕಾರವಿಲ್ಲವೆಂದು ಪೆನ್ಸ್ ಬರೆದುಕೊಟ್ಟರು. ಅಷ್ಟರಲ್ಲಿ ಟ್ರಂಪ್ ಭಾಷಣ ಕೇಳಿ ಬಂದ ಗುಂಪು ಸಂಸತ್ ಭವನಕ್ಕೆ ನುಗ್ಗಿತು. ಸುಮಾರು 140 ಪೊಲೀಸರು ಗಾಯಗೊಂಡರು, ಎಣಿಕೆ ಗಂಟೆಗಟ್ಟಲೆ ನಿಂತಿತು. ರಾತ್ರಿ ಸದನ ಮತ್ತೆ ಸೇರಿದಾಗಲೂ ಎರಡೂ ಸದನಗಳ 147 ರಿಪಬ್ಲಿಕನ್ನರು ಕನಿಷ್ಠ ಒಂದು ರಾಜ್ಯದ ಫಲಿತಾಂಶದ ವಿರುದ್ಧ ಮತ ಹಾಕಿದರು. ಗಾಜಿನ ಚೂರುಗಳ ನಡುವೆ ನಿಂತೂ ಹಾಗೆ ಮಾಡಿದ್ದು, ನನ್ನ ಎಣಿಕೆಯಲ್ಲಿ, ಆ ಮಧ್ಯಾಹ್ನದ ಗಲಭೆಗಿಂತ ದೀರ್ಘಕಾಲ ಉಳಿಯುವ ಹಾನಿ.

ಡೆಮಾಕ್ರಟರೂ ಹಿಂದೆ ಆಕ್ಷೇಪ ಎತ್ತಿದ್ದರಲ್ಲವೆ? ಎರಡೂ ಒಂದೇ ಅಲ್ಲವೆ?

ಎತ್ತಿದ್ದರು. 2005ರ ಜನವರಿಯಲ್ಲಿ ಓಹಾಯೊ ಮತಗಳ ವಿರುದ್ಧ ಸೆನೆಟರ್ ಬಾರ್ಬರಾ ಬಾಕ್ಸರ್ ಮತ್ತು ಪ್ರತಿನಿಧಿ ಸ್ಟೆಫನಿ ಟಬ್ಸ್ ಜೋನ್ಸ್ ಆಕ್ಷೇಪ ಸಲ್ಲಿಸಿದರು. ಅದು ಸೆನೆಟ್‌ನಲ್ಲಿ 1–74ರಿಂದ, ಪ್ರತಿನಿಧಿ ಸಭೆಯಲ್ಲಿ 31–267ರಿಂದ ಬಿತ್ತು. 2017ರಲ್ಲೂ ಕೆಲವು ಪ್ರತಿನಿಧಿಗಳು ಎದ್ದು ನಿಂತರು, ಒಬ್ಬ ಸೆನೆಟರೂ ಜೊತೆಗೂಡದ ಕಾರಣ ಪೀಠದಲ್ಲಿದ್ದ ಉಪಾಧ್ಯಕ್ಷ ಬೈಡನ್ ಅವರನ್ನು ಕೂರಿಸಿದರು. ಈ ಹಗುರವಾದ ರೂಢಿ ಒಳ್ಳೆಯದಾಗಿರಲಿಲ್ಲ. ಮುಂದಿನವರಿಗೆ ನೆಪವಾಯಿತು ಕೂಡ. ಆದರೂ ಆ ಚುನಾವಣೆಗಳಲ್ಲಿ ಸೋತ ಜಾನ್ ಕೆರಿ ಮತ್ತು ಕ್ಲಿಂಟನ್ ಮತದಾನದ ಮರುದಿನವೇ ಸೋಲೊಪ್ಪಿದ್ದರು, ಅಧಿಕಾರದಲ್ಲಿದ್ದ ಯಾರೂ ಅಧಿಕಾರದಲ್ಲೇ ಉಳಿಯಲು ಆ ದಾರಿ ಹಿಡಿದಿರಲಿಲ್ಲ, ನಕಲಿ ಪ್ರಮಾಣಪತ್ರಗಳೂ ಇರಲಿಲ್ಲ. ಎರಡನ್ನೂ ತಕ್ಕಡಿಯಲ್ಲಿ ಸಮ ತೂಗುವುದು ನಿಷ್ಪಕ್ಷಪಾತವಲ್ಲ.

ಹಾಗಾದರೆ 2020ರಲ್ಲಿ ವ್ಯವಸ್ಥೆ ಉಳಿದದ್ದು ಹೇಗೆ?

ಸ್ವಪಕ್ಷದ ಒತ್ತಡಕ್ಕೆ ಮಣಿಯದ ಕೆಲವರಿಂದ, ಅದರಲ್ಲೂ ಬಹುಪಾಲು ಜನ ಹೆಸರೇ ಕೇಳಿರದ ಹುದ್ದೆಗಳಲ್ಲಿದ್ದವರಿಂದ. ಮಿಶಿಗನ್ ರಾಜ್ಯದಲ್ಲಿ ಫಲಿತಾಂಶವನ್ನು ಪ್ರಮಾಣೀಕರಿಸುವ ಮಂಡಳಿಯಲ್ಲಿ ಇಬ್ಬರು ಡೆಮಾಕ್ರಟರು, ಇಬ್ಬರು ರಿಪಬ್ಲಿಕನ್ನರು. ನವೆಂಬರ್ 23ರಂದು ಒಬ್ಬ ರಿಪಬ್ಲಿಕನ್ ತಟಸ್ಥರಾದರು. ಇನ್ನೊಬ್ಬರಾದ ಏರನ್ ವ್ಯಾನ್ ಲ್ಯಾಂಗೆವೆಲ್ಡ್, ಕಾನೂನು ತಮಗೆ ಬೇರೆ ಆಯ್ಕೆ ಕೊಟ್ಟಿಲ್ಲವೆಂಬ ಕಾರಣ ನೀಡಿ, ಪ್ರಮಾಣೀಕರಿಸುವ ಪರ ಮತ ಹಾಕಿದರು. ಅವರಿಗೆ ಆ ಮಂಡಳಿಯಲ್ಲಿ ಮತ್ತೆ ಸ್ಥಾನ ಸಿಗಲಿಲ್ಲ. 2021ರ ಜನವರಿ 2ರಂದು ಟ್ರಂಪ್ ದೂರವಾಣಿಯಲ್ಲಿ 11,780 ಮತ ಹುಡುಕಿಕೊಡಿ ಎಂದಾಗ ಜಾರ್ಜಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಬ್ರ್ಯಾಡ್ ರಾಫೆನ್ಸ್‌ಪರ್ಗರ್, ನಿಮ್ಮ ಅಂಕಿಅಂಶಗಳೇ ತಪ್ಪು ಎಂದರು. ಅವರೂ ಟ್ರಂಪ್‌ಗೆ ಮತ ಹಾಕಿದ್ದ ರಿಪಬ್ಲಿಕನ್. ಅರಿಜೋನಾ ಸದನದ ಸ್ಪೀಕರ್ ರಸ್ಟಿ ಬೋವರ್ಸ್ ಕೂಡ ಎಲೆಕ್ಟರ್‌ಗಳನ್ನು ಬದಲಿಸಲು ಒಪ್ಪಲಿಲ್ಲ, ನಂತರ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಸೋತರು. ನಿಷ್ಪಕ್ಷಪಾತ ಸಂಸ್ಥೆಯಿಲ್ಲದ ಕಡೆ ಪಕ್ಷದವರ ಮನಸ್ಸಾಕ್ಷಿಯೇ ಆ ಕೆಲಸ ಮಾಡಬೇಕಾಗುತ್ತದೆ, ಅಂಥವರನ್ನು ಪಕ್ಷ ಬದಲಿಸುತ್ತಾ ಹೋದರೆ ಮುಂದಿನ ಸಲ ಅಲ್ಲಿ ಕುಳಿತಿರುವವರು ಬೇರೆಯವರು.

ಅದಾದ ಮೇಲೆ ಕಾನೂನು ಬದಲಾಯಿತೆ? ತಪ್ಪಿತಸ್ಥರಿಗೆ ಶಿಕ್ಷೆಯಾಯಿತೆ?

1887ರ ಅಸ್ಪಷ್ಟ ಎಣಿಕೆ ಕಾನೂನನ್ನು 2022ರ ಡಿಸೆಂಬರ್‌ನಲ್ಲಿ ಎರಡೂ ಪಕ್ಷಗಳ ಬೆಂಬಲದಿಂದ ತಿದ್ದಲಾಯಿತು. ಉಪಾಧ್ಯಕ್ಷರ ಪಾತ್ರ ಕೇವಲ ಔಪಚಾರಿಕವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮೊದಲು ಪ್ರತಿ ಸದನದ ಒಬ್ಬೊಬ್ಬರು ಸಾಕಿದ್ದ ಆಕ್ಷೇಪಕ್ಕೆ ಈಗ ಪ್ರತಿ ಸದನದ ಐದನೇ ಒಂದು ಭಾಗದ ಸಹಿ ಬೇಕು. 2025ರ ಜನವರಿ 6ರಂದು ಕಮಲಾ ಹ್ಯಾರಿಸ್ ತಮ್ಮದೇ ಸೋಲಿನ 312–226ರ ಎಣಿಕೆಯನ್ನು ಪೀಠದಿಂದ ಘೋಷಿಸಿದಾಗ ಒಂದು ಆಕ್ಷೇಪವೂ ಬರಲಿಲ್ಲ.

ಶಿಕ್ಷೆಯ ಕಥೆ ಅಷ್ಟು ನೆಟ್ಟಗಿಲ್ಲ. ಜನವರಿ 6ರ ಗಲಭೆಗಾಗಿ ಟ್ರಂಪ್ ವಿರುದ್ಧ ನಡೆದ ಎರಡನೇ ವಾಗ್ದಂಡನೆಯಲ್ಲಿ ಸೆನೆಟ್ 57–43ರಂತೆ ಮತ ಹಾಕಿತು, ಬೇಕಿದ್ದ ಮೂರನೇ ಎರಡರಷ್ಟು ಸಿಗಲಿಲ್ಲ. ಅಧ್ಯಕ್ಷರ ಅಧಿಕೃತ ಕೃತ್ಯಗಳಿಗೆ ದೊಡ್ಡ ಮಟ್ಟದ ರಕ್ಷಣೆಯಿದೆಯೆಂದು ಸುಪ್ರೀಂ ಕೋರ್ಟ್ 2024ರ ಜುಲೈ 1ರಂದು 6–3ರಿಂದ ತೀರ್ಪಿತ್ತಿತು. ಟ್ರಂಪ್ ಮತ್ತೆ ಗೆದ್ದ ಮೇಲೆ, 2020ರ ಫಲಿತಾಂಶವನ್ನು ಬುಡಮೇಲು ಮಾಡಲು ಯತ್ನಿಸಿದರೆಂದು ಅವರ ಮೇಲಿದ್ದ ಫೆಡರಲ್ ಮೊಕದ್ದಮೆಯನ್ನು ಕೈಬಿಡಲಾಯಿತು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅವರು ಜನವರಿ 6ರ ಸುಮಾರು 1,500 ಆರೋಪಿಗಳಿಗೂ ಅಪರಾಧಿಗಳಿಗೂ ಕ್ಷಮಾದಾನ ನೀಡಿದರು.

ಗೆರಿಮ್ಯಾಂಡರಿಂಗ್ ಎಂದರೇನು?

ಗೆಲುವು ತಮಗೇ ಒಲಿಯುವಂತೆ ಕ್ಷೇತ್ರಗಳ ಗಡಿಯನ್ನು ಕೊರೆಯುವುದು. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಿಂದ ಈ ಹೆಸರು ಬಂತು. ಪಕ್ಷದ ಲಾಭಕ್ಕಾಗಿ ಮಾಡುವ ಇಂಥ ವಿಂಗಡಣೆಯನ್ನು ಫೆಡರಲ್ ನ್ಯಾಯಾಲಯಗಳು ತಡೆಯಲಾರವೆಂದು ಸುಪ್ರೀಂ ಕೋರ್ಟ್ 2019ರಲ್ಲಿ 5–4ರಿಂದ ಹೇಳಿತು. 2025ರಲ್ಲಿ ಟೆಕ್ಸಾಸ್‌ನ ರಿಪಬ್ಲಿಕನ್ನರು, ಜನಗಣತಿಗೂ ಕಾಯದೆ, ಐದು ಹೆಚ್ಚುವರಿ ಸ್ಥಾನಗಳ ಆಸೆಯಿಂದ ನಕ್ಷೆ ಬದಲಿಸಿದರು. ಅದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯಾದ ಡೆಮಾಕ್ರಟರು ಸ್ವತಂತ್ರ ಆಯೋಗ ಮಾಡಿದ್ದ ನಕ್ಷೆಯನ್ನು ಬದಿಗಿಟ್ಟು, ನವೆಂಬರ್‌ನಲ್ಲಿ ಜನಮತಗಣನೆಯ ಮೂಲಕ ತಮಗೆ ಅನುಕೂಲದ ನಕ್ಷೆ ತಂದರು. ಇಲ್ಲಿ ಒಂದು ಮತವೂ ಸುಳ್ಳಾಗಿ ಎಣಿಕೆಯಾಗುವುದಿಲ್ಲ. ಆದರೆ ಎಷ್ಟೋ ಕ್ಷೇತ್ರಗಳ ಫಲಿತಾಂಶ ಮತದಾನಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಸುಳ್ಳು ಎಣಿಕೆಯ ಗದ್ದಲದಲ್ಲಿ ಮುಚ್ಚಿಹೋಗುವ ನಿಜವಾದ ದೂರು ಇದು.

ಜನರ ನಂಬಿಕೆ ಮರಳಿದೆಯೆ?

ಗೆದ್ದವರಿಗೆ ಮರಳಿದೆ. ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳ ಪ್ರಕಾರ 2020ರಲ್ಲಿ ಚುನಾವಣೆ ಚೆನ್ನಾಗಿ ನಡೆಯಿತೆಂದ ಟ್ರಂಪ್ ಮತದಾರರು ಐವರಲ್ಲಿ ಒಬ್ಬರಷ್ಟೇ, 2024ರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ. ನಡುವೆ ಎಣಿಕೆಯ ವಿಧಾನ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಸೋತ ಹ್ಯಾರಿಸ್ ಮತದಾರರಲ್ಲಿ ಹೆಚ್ಚಿನವರು ಚುನಾವಣೆ ಸರಿಯಾಗಿಯೇ ನಡೆಯಿತು ಎಂದದ್ದನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು: ಸೋತ ನಾಯಕರು ಏನು ಹೇಳುತ್ತಾರೆ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಅಮೆರಿಕದಲ್ಲಿರುವ ಕನ್ನಡಿಗರು ಮತ ಹಾಕಬಹುದೆ?

ಅಲ್ಲಿನ ಪೌರತ್ವ ಪಡೆದವರು ಹಾಕಬಹುದು. ಎಚ್-1ಬಿ ವೀಸಾದವರಾಗಲಿ ಗ್ರೀನ್ ಕಾರ್ಡ್ ಉಳ್ಳವರಾಗಲಿ ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ. ಹಾಗೆ ಮಾಡಿದವರು ಜೈಲಿನ ಜೊತೆಗೆ ಗಡೀಪಾರನ್ನೂ ಎದುರಿಸಬೇಕಾಗುತ್ತದೆ. ವಾಹನ ಪರವಾನಗಿ ಕಚೇರಿಯಲ್ಲಿ ಮತದಾರರ ನೋಂದಣಿಯ ಅರ್ಜಿಯನ್ನೂ ಕೊಡುವುದರಿಂದ ಪೌರರಲ್ಲದವರು ಗಮನಿಸದೆ ಸಹಿ ಹಾಕಿಬಿಡಬಾರದು. ಪೌರತ್ವ ಪಡೆದವರಿಗೆ ಮತವಷ್ಟೇ ಅಲ್ಲ, ಹುದ್ದೆಗಳೂ ತೆರೆದಿವೆ: ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2023ರಿಂದ ಮಿಶಿಗನ್‌ನ ಡೆಟ್ರಾಯಿಟ್ ಭಾಗದ ಪ್ರತಿನಿಧಿಯಾಗಿ ಕಾಂಗ್ರೆಸ್‌ನಲ್ಲಿದ್ದಾರೆ. ಎಣಿಕೆ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಬೇಕೆನ್ನುವವರು ತಮ್ಮ ಕೌಂಟಿಯ ಚುನಾವಣಾ ಕಚೇರಿಯಲ್ಲಿ ಮತಗಟ್ಟೆ ಸಿಬ್ಬಂದಿಯಾಗಿ ಹೆಸರು ಕೊಡಬಹುದು. ಹೆಚ್ಚಿನ ಕೌಂಟಿಗಳು ಒಂದಿಷ್ಟು ತರಬೇತಿ ಕೊಟ್ಟು ದಿನದ ಭತ್ಯೆಯನ್ನೂ ಕೊಡುತ್ತವೆ.